ಪಂಚಮಿಗೆ ಬರುವ ಕೂಸಿಗೆ ಸೀರೆ ಉಡಿಸಲೇಬೇಕೇ?

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ಗದಗ-ಬೆಟಗೇರಿಯವರು. ನಮ್ಮ ಯಜಮಾನರು ಪ್ರಿಂಟಿಂಗ್ ಪ್ರೆಸ್‌ನಲ್ಲಿ ಕೆಲಸ ಮಾಡುತ್ತಾರೆ. ಒಬ್ಬಳೇ ಮಗಳು, 19 ವರ್ಷ. ಧಾರವಾಡದಲ್ಲಿ ಹಾಸ್ಟೆಲ್‌ನಲ್ಲಿದ್ದು ಬಿಎಸ್ಸಿ ಓದುತ್ತಿದ್ದಾಳೆ. ಯುಗಾದಿಗೆ ಬಂದಾಗ ಉದ್ದ ಕೂದಲು ಕತ್ತರಿಸಿಕೊಂಡು ಬಂದಿದ್ದಳು. ಯಾಕೆ ಅಂತ ಕೇಳಿದರೆ, "ಯವ್ವಾ, ನಾ ಹುಡುಗಿ ಅಲ್ಲ. ಹುಡುಗನೂ ಅಲ್ಲ. ನನಗ ಅಕಿ, ಇಕಿ ಅನಬ್ಯಾಡ" ಅಂದಳು. ಇದಕ್ಕೆ ನಾನ್‌ಬೈನರಿ ಅಂತಾರಂತೆ. ಗೆಳೆಯರು ಬೇರೆ ಹೆಸರಿನಿಂದ ಕರೆಯುತ್ತಾರಂತೆ. ಅವಳ ಅಪ್ಪ ಅವತ್ತಿನಿಂದ ಮಾತು ಬಿಟ್ಟಿದ್ದಾರೆ, ಹಾಸ್ಟೆಲ್ ಫೀ ಮಾತ್ರ ತಪ್ಪದೆ ಕಟ್ಟುತ್ತಾರೆ. ಸವದತ್ತಿ ಎಲ್ಲಮ್ಮನ ಕಾಟ ಇರಬೇಕು, ಹೋಗಿ ಕೇಳಿಕೊಂಡು ಬರೋಣ ಅಂತ ನಮ್ಮ ಅತ್ತೆ. ಮದುವೆಯಾದರೆ ಎಲ್ಲ ಸರಿಹೋಗುತ್ತೆ ಅಂತ ನನ್ನ ತಮ್ಮ ರಾಣೆಬೆನ್ನೂರಿನ ಕಡೆಯ ಒಂದು ಸಂಬಂಧ ನೋಡಿದ್ದಾನೆ. ಇದಕ್ಕೆ ಔಷಧ ಇದೆಯಾ? ಪಂಚಮಿಗೆ ಮನೆಗೆ ಬರುತ್ತಾಳೆ. ಸೀರೆ ಉಡು ಅನ್ನಲೋ ಬೇಡವೋ ಅಷ್ಟಾದರೂ ಹೇಳಿ.
ಗದಗದ ಒಬ್ಬ ತಾಯಿ

ಉತ್ತರ: ಅಕ್ಕಾ, ನಮಸ್ಕಾರ. ನಿಮ್ಮ ಪತ್ರದಲ್ಲಿ ಅವಸರದ ವಿಷಯ ಒಂದೇ ಒಂದಿದೆ. ಅದು ಸೀರೆ ಅಲ್ಲ, ರಾಣೆಬೆನ್ನೂರಿನ ಸಂಬಂಧ. ಅದನ್ನು ಇವತ್ತೇ ನಿಲ್ಲಿಸಿ. ಉಳಿದದ್ದಕ್ಕೆಲ್ಲ ಸಾವಕಾಶ ಇದೆ.

ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತೇನೆ ಅಂದರೆ, ಈ ವಿಷಯದಲ್ಲಿ ನಾನೇ ಒಮ್ಮೆ ತಪ್ಪು ಮಾಡಿದ್ದೇನೆ. ಆಪ್ತಸಮಾಲೋಚನೆಯ ಕೆಲಸಕ್ಕೆ ಹೊಸದಾಗಿ ಬಂದಿದ್ದೆ. ಹಾವೇರಿ ಕಡೆಯ ಒಂದು ಮನೆಯವರು ನಿಮ್ಮಂಥದ್ದೇ ಪ್ರಶ್ನೆ ಹಿಡಿದು ಬಂದಿದ್ದರು. "ವಯಸ್ಸಿನ ಗೊಂದಲ, ತಾನಾಗೇ ತಿಳಿಯಾಗುತ್ತೆ" ಅಂದುಬಿಟ್ಟೆ. ಆ ಮಾತನ್ನು ಅವರು ಮದುವೆಗೆ ಸಿಕ್ಕ ಒಪ್ಪಿಗೆ ಅಂತ ತಿಳಿದರು. ಕಾರ್ತೀಕದಲ್ಲಿ ಲಗ್ನ ಆಯಿತು. ಮುಂದಿನ ಕಾರ್ತೀಕ ಬರುವಷ್ಟರಲ್ಲಿ ಮುರಿದೂ ಹೋಯಿತು. ಹುಡುಗನ ತಾಯಿ ನನ್ನನ್ನು ಹುಡುಕಿಕೊಂಡು ಬಂದು ಎದುರಿಗೆ ಕುಳಿತು, "ನಮ್ಮ ಹುಡುಗ ಏನ್ ತಪ್ಪ ಮಾಡಿದ್ದ ರೀ?" ಅಂತ ಕೇಳಿದರು. ನಾನು ತಲೆ ತಗ್ಗಿಸಿ ಕುಳಿತೆ. ಮದುವೆಯಿಂದ ಇದು ಸರಿಹೋಗುವುದಿಲ್ಲ ಅಕ್ಕಾ. ಒಬ್ಬರ ಸಂಕಟ ಇಬ್ಬರದಾಗುತ್ತದೆ, ಎರಡು ಮನೆಯದಾಗುತ್ತದೆ. ರಾಣೆಬೆನ್ನೂರಿನಲ್ಲೂ ಒಬ್ಬ ತಾಯಿ ಇದ್ದಾರೆ ಅನ್ನುವುದನ್ನು ನಿಮ್ಮ ತಮ್ಮನಿಗೆ ನೆನಪು ಮಾಡಿ.

ತಮ್ಮನಿಗೆ ಎಲ್ಲವನ್ನೂ ಬಿಡಿಸಿ ಹೇಳಬೇಕಿಲ್ಲ. "ಡಿಗ್ರಿ ಮುಗೀಲಿ, ಈಗ ಆ ಮಾತು ಬ್ಯಾಡ" ಅಂದರೆ ಸಾಕು. ನಿಮ್ಮ ಕೂಸಿನ ಒಪ್ಪಿಗೆ ಇಲ್ಲದೆ ಅದರ ಸಂಗತಿಯನ್ನು ಬೀಗರಿಗೆ, ನೆರೆಯವರಿಗೆ ಹೇಳುವುದೂ ಸರಿಯಲ್ಲ. ಯಾರಿಗೆ, ಯಾವಾಗ ಹೇಳಬೇಕು ಅನ್ನುವುದು ಅದಕ್ಕೇ ಬಿಟ್ಟದ್ದು. ಕೂಸು ಧೈರ್ಯ ಮಾಡಿ ಮೊದಲು ನಿಮಗೆ ಹೇಳಿದೆ. ಹೆತ್ತವರಿಗೆ ಹೇಳಲಾರದೆ ಊರು ಬಿಟ್ಟು ಹೋದವರನ್ನು ನಾನು ತುಂಬ ನೋಡಿದ್ದೇನೆ. ಹಬ್ಬಕ್ಕೆ ಮನೆಗೆ ಬರುತ್ತೇನೆ ಅನ್ನುವ ಕೂಸು ಇನ್ನೂ ನಿಮ್ಮ ಕೈಯಲ್ಲೇ ಇದೆ.

ಈಗ ಔಷಧದ ಪ್ರಶ್ನೆ. ಔಷಧ ಇಲ್ಲ, ಯಾಕೆಂದರೆ ಇದು ರೋಗ ಅಲ್ಲ. ಇದು ನನ್ನೊಬ್ಬಳ ಅಭಿಪ್ರಾಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ ಹನ್ನೊಂದನೇ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲಿ ಈ ಸಂಗತಿಯನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದು ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಹಾಕಿದ್ದಾರೆ. ಬೇಕಾದವರಿಗೆ ವೈದ್ಯರ ನೆರವು ಸಿಗಲಿ ಅಂತ ಪಟ್ಟಿಯಲ್ಲಿ ಉಳಿಸಿಕೊಂಡಿದ್ದಾರೆ, ಅಷ್ಟೇ. ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ ಕೂಡ 2022ರಲ್ಲಿ, ಹೀಗಿರುವವರನ್ನು "ಬದಲಾಯಿಸುವ" ಚಿಕಿತ್ಸೆ ಕೊಡುವುದು ವೈದ್ಯರ ವೃತ್ತಿ ದುರ್ನಡತೆ ಅಂತ ಹೇಳಿತು. ಮದ್ರಾಸ್ ಹೈಕೋರ್ಟ್‌ನ ಒಂದು ಪ್ರಕರಣದ ನಂತರ ಬಂದ ಮಾತಿದು. ಹಾಗಾಗಿ ಆರು ಸಿಟಿಂಗ್‌ನಲ್ಲಿ ಸರಿ ಮಾಡ್ತೀನಿ, ಒಂದು ಇಂಜೆಕ್ಷನ್ ಸಾಕು ಅನ್ನುವವರು ಸಿಕ್ಕರೆ ಎದ್ದು ಬನ್ನಿ. ಬೋರ್ಡ್ ಮೇಲೆ ಎಷ್ಟು ದೊಡ್ಡ ಡಿಗ್ರಿ ಇದ್ದರೂ ಸರಿ.

ಆದರೆ ಒಂದು ಮಾತು. ರೋಗ ಅಲ್ಲ ಅಂದ ಮಾತ್ರಕ್ಕೆ ನೋವು ಇಲ್ಲ ಅಂತಲ್ಲ. ದಿನಾ ಬೇರೆಯವರ ಕಣ್ಣಿಗೆ ಬೀಳುವುದು, ಮನೆಯಲ್ಲಿ ಅಪ್ಪ ಮಾತು ಬಿಟ್ಟಿರುವುದು, ಹಾಸ್ಟೆಲ್‌ನಲ್ಲಿ ಗುಸುಗುಸು, ಇವೆಲ್ಲ ಸೇರಿ ನಿದ್ದೆ ಕೆಡಿಸುತ್ತವೆ, ಊಟ ಬಿಡಿಸುತ್ತವೆ. ಆ ಸಂಕಟಕ್ಕೆ ಚಿಕಿತ್ಸೆ ಖಂಡಿತ ಇದೆ. ಧಾರವಾಡದಲ್ಲೇ ಡಿಮ್ಹಾನ್ಸ್ ಇದೆ. ಬ್ರಿಟಿಷರ ಕಾಲದ ಮಾನಸಿಕ ಆಸ್ಪತ್ರೆ. ನಮ್ಮ ಕಡೆ ಈಗಲೂ "ಧಾರವಾಡಕ್ಕ ಸೇರಿಸಬೇಕ ಇವನ್ನ" ಅಂತ ಚೇಷ್ಟೆ ಮಾಡುತ್ತಾರೆ, ಅಲ್ವಾ? ಆ ಚೇಷ್ಟೆಗೆ ಹೆದರಿ ಎಷ್ಟೋ ಜನ ಅದರ ಗೇಟಿನವರೆಗೂ ಬರುವುದಿಲ್ಲ. ಒಪಿಡಿ ಚೀಟಿ ಮಾಡಿಸಿ ಡಾಕ್ಟರ ಹತ್ತಿರ ಮಾತಾಡಿ ಬರುವುದು, ಅಷ್ಟೇ. ಹುಬ್ಬಳ್ಳಿ ಕಿಮ್ಸ್‌ನಲ್ಲಿ, ಗದಗದ ನಿಮ್ಮ ಜಿಮ್ಸ್‌ನಲ್ಲಿ ಕೂಡ ಮನೋವೈದ್ಯರಿಗೆ ತೋರಿಸಬಹುದು. ಫೋನಲ್ಲೇ ಮಾತಾಡುವುದಾದರೆ ಟೆಲಿಮಾನಸ್ ಇದೆ, 14416. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಕೂಸಿಗಷ್ಟೇ ಅಲ್ಲ, ನಿಮಗೂ ಅದು ಇದೆ. ನೀವೂ ಎಷ್ಟು ರಾತ್ರಿ ನಿದ್ದೆ ಬಿಟ್ಟಿದ್ದೀರೋ.

ಇದರ ಜೊತೆ ಕಠಿಣವಾದ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. "ಜೀವ ತಗೊಳ್ಳೋ ವಿಚಾರ ಎಂದಾದರೂ ಬಂದೈತೇನು?" ಅಂತ ಕೂಸನ್ನು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ವಿಚಾರ ತಲೆಗೆ ಹೊಕ್ಕೀತು ಅಂತ ಬಹಳ ಜನ ಹೆದರುತ್ತಾರೆ. ಹಾಗಾಗುವುದಿಲ್ಲ, ಕೇಳಿದಾಗ ಮನಸ್ಸು ಹಗುರಾಗುತ್ತದೆ. ಹೊಲದ ಔಷಧದ ಡಬ್ಬಿ ಮನೆಯಲ್ಲಿದ್ದರೆ ಅದನ್ನು ಬೀಗದೊಳಗೆ ಇಡಿ. "ಹೌದು" ಅಂದರೆ ಬೈಯಬೇಡಿ, ಅಳಲೂ ಬೇಡಿ. ಅವತ್ತು ರಾತ್ರಿ ಜೊತೆಗೆ ಮಲಗಿ, ಬೆಳಗ್ಗೆ ಆಸ್ಪತ್ರೆಗೆ ಹೋಗಿ. ರಾತ್ರಿಯೇ ಪರಿಸ್ಥಿತಿ ಕೈ ಮೀರುವಂತಿದ್ದರೆ 112ಕ್ಕೆ ಫೋನ್ ಮಾಡಿ.

ನಿಮ್ಮ ಅತ್ತೆಯವರ ಮಾತಿಗೆ ಬರುತ್ತೇನೆ. ಅವರನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನಮ್ಮ ಸೀಮೆಯ ಹಿರಿಯರಿಗೆ ಈ ವಿಷಯ ಗೊತ್ತಿರುವುದೇ ಎಲ್ಲಮ್ಮನ ಮೂಲಕ. ಗಂಡಾಗಿ ಹುಟ್ಟಿದವರು ಮುತ್ತು ಕಟ್ಟಿಸಿಕೊಂಡು, ಸೀರೆ ಉಟ್ಟು, ಚೌಡಕಿ ಹಿಡಿದು ಜೋಗಪ್ಪ ಆಗುವುದನ್ನು ಅವರು ಚಿಕ್ಕಂದಿನಿಂದ ನೋಡಿದ್ದಾರೆ. ಮಂಜಮ್ಮ ಜೋಗತಿ ಆ ದಾರಿಯಲ್ಲೇ ಬಂದು ಜಾನಪದ ಅಕಾಡೆಮಿ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ರಾಷ್ಟ್ರಪತಿಗೇ ಸೆರಗಿನಿಂದ ದೃಷ್ಟಿ ತೆಗೆದರು. ನಿಮ್ಮತ್ತೆ ಅದನ್ನು ಟಿವಿಯಲ್ಲಿ ನೋಡಿಯೇ ಇರುತ್ತಾರೆ. ಆದರೆ ಸತ್ಯ ಏನು ಅಂದರೆ, ಭರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡದಲ್ಲಿ ಜೋಗಪ್ಪನ ಕಾಲು ಮುಟ್ಟುವ ನಾವೇ ಮರುದಿನ ಬಾಡಿಗೆ ಮನೆ ಕೇಳಿಕೊಂಡು ಬಂದರೆ "ಖಾಲಿ ಇಲ್ಲ" ಅಂತೀವಿ. ಕೈ ಮುಗಿಯುವುದು ಬೇರೆ, ಜೊತೆಗೆ ಬದುಕುವುದು ಬೇರೆ.

ಮತ್ತೆ, ನಿಮ್ಮ ಕೂಸಿನ ದಾರಿ ಅದಲ್ಲ. ಅದು ಹೆಣ್ಣಾಗಿ ಹುಟ್ಟಿದೆ, ದೇವರ ವಿಷಯ ಎತ್ತಿಲ್ಲ. ಹೆಣ್ಣಾಗಿ ಹುಟ್ಟಿ ಹಾಗಲ್ಲ ಅನ್ನುವವರಿಗೆ ನಮ್ಮಲ್ಲಿ ಒಂದು ಹಳೆಯ ಹೆಸರೂ ಇಲ್ಲ, ಜಾತ್ರೆಯಲ್ಲಿ ಒಂದು ಜಾಗವೂ ಇಲ್ಲ. ಅದಕ್ಕೇ ಅವರು ಕಣ್ಣಿಗೆ ಬೀಳುವುದು ಕಡಿಮೆ. ಹೆಣ್ಣುಮಕ್ಕಳನ್ನು ಮನೆಯೊಳಗೇ ಕಟ್ಟಿಹಾಕುವುದು ಸುಲಭ, ಮದುವೆ ಮಾಡಿ ಕೈ ತೊಳೆದುಕೊಳ್ಳುವುದು ಇನ್ನೂ ಸುಲಭ. ಹಾಗಾಗಿ ಗುಡ್ಡಕ್ಕೆ ಹೋಗಬೇಕು ಅನಿಸಿದರೆ ಎಲ್ಲರೂ ಕೂಡಿ ಹೋಗಿ ಪರಡಿ ತುಂಬಿಸಿ ಬನ್ನಿ, ಬೇಡ ಅನ್ನುವುದಿಲ್ಲ. ಕೂಸನ್ನು ಒಬ್ಬರ ಮುಂದೆ ಕೂರಿಸಿ ಕಾಟ ಬಿಡಿಸಲು ಹೋಗಬೇಡಿ.

ಹಾಗಾದರೆ ನಾನ್‌ಬೈನರಿ ಅಂದರೆ ಏನು? ಮೈಯ ರಚನೆ ಒಂದು. ಒಳಗೆ "ನಾನು ಯಾರು" ಅನ್ನುವ ತಿಳಿವಳಿಕೆ ಇನ್ನೊಂದು. ಬಹಳಷ್ಟು ಜನರಿಗೆ ಅವೆರಡೂ ಹೊಂದುತ್ತವೆ, ಹಾಗಾಗಿ ಯೋಚನೆ ಮಾಡುವ ಪ್ರಸಂಗವೇ ಬರುವುದಿಲ್ಲ. ಕೆಲವರಿಗೆ ಹೊಂದುವುದಿಲ್ಲ. ಅವರಲ್ಲಿ ಕೆಲವರು ತಾನು ಹೆಣ್ಣಲ್ಲ, ಗಂಡು ಅನ್ನುತ್ತಾರೆ, ಅಥವಾ ಗಂಡಲ್ಲ, ಹೆಣ್ಣು. ನಿಮ್ಮ ಕೂಸಿನಂಥವರು ಈ ಎರಡು ಖಾನೆಯಲ್ಲೂ ನನ್ನನ್ನು ಹಾಕಬೇಡಿ ಅನ್ನುತ್ತಾರೆ. ಯಾರನ್ನು ಪ್ರೀತಿಸುತ್ತಾರೆ ಅನ್ನುವುದು ಮೂರನೆಯ ಸಂಗತಿ, ಅದನ್ನು ಇದರ ಜೊತೆ ಕಲಸಬೇಡಿ. ನಾಳೆ ಇದೇ ಕೂಸು ತನ್ನ ಬಗ್ಗೆ ಬೇರೆ ಥರ ಹೇಳಬಹುದು, ಹೇಳದೆಯೂ ಇರಬಹುದು. ಅದನ್ನು ಕಾದು ಕೂರುವುದು ನಿಮ್ಮ ಕೆಲಸವಲ್ಲ. ಇವತ್ತು ಏನು ಹೇಳುತ್ತಿದೆಯೋ ಅದನ್ನು ಕೇಳಿಸಿಕೊಳ್ಳಿ.

ಭಾಷೆಯ ವಿಷಯದಲ್ಲಿ ನಿಮಗೊಂದು ಒಳ್ಳೆಯ ಸುದ್ದಿ ಇದೆ. "ಅಕಿ ಅನಬ್ಯಾಡ ಅಂದರ ಮತ್ತೇನನ್ಲಿ?" ಅಂತ ಬಹಳ ತಾಯಂದಿರು ಕಂಗಾಲಾಗುತ್ತಾರೆ. ಸ್ವಲ್ಪ ಯೋಚಿಸಿ ನೋಡಿ. ಕನ್ನಡದಲ್ಲಿ ಎದುರಿಗಿದ್ದವರ ಜೊತೆ ಮಾತಾಡುವಾಗ ಕ್ರಿಯಾಪದದಲ್ಲಿ ಗಂಡು ಹೆಣ್ಣು ಇಲ್ಲವೇ ಇಲ್ಲ. "ಬಂದ್ಯಾ? ಉಂಡ್ಯಾ? ಯಾವಾಗ ಹೋಗ್ತಿ?" ಇದರಲ್ಲಿ ಎಲ್ಲಿದೆ ಹೆಣ್ಣು? ನಿಮ್ಮ ಕೂಸಿನ ಜೊತೆ ದಿನಾ ಆಡುವ ಮಾತಿನಲ್ಲಿ ನೀವು ಬದಲಿಸಬೇಕಾದದ್ದು "ಯವ್ವಾ", "ತಂಗೀ" ಅನ್ನುವ ಕರೆಯನ್ನು ಮಾತ್ರ. ಅದೂ ನಮ್ಮ ಕಡೆ ಮಗಳನ್ನು ಮುದ್ದಿಗೆ "ಯಪ್ಪಾ" ಅಂತ ಕರೆಯುವುದುಂಟು, ಮಗನಿಗೆ "ನಮ್ಮವ್ವ" ಅನ್ನುವುದುಂಟು. ಯಾವುದು ಹಿತ ಅಂತ ಅದನ್ನೇ ಕೇಳಿ. ತೊಡಕು ಬರುವುದು ಕೂಸಿನ ಬಗ್ಗೆ ಬೇರೆಯವರ ಹತ್ತಿರ ಮಾತಾಡುವಾಗ. ಬಂದ, ಬಂದಳು, ಅಲ್ಲಿ ಕನ್ನಡ ಆರಿಸಿಕೋ ಅನ್ನುತ್ತದೆ. ಅಲ್ಲಿಯೂ ದಾರಿ ಇದೆ. "ಅವರು ಬಂದರು" ಅನ್ನಬಹುದು. ಹೆತ್ತ ತಾಯಿ ಮಗುವಿಗೆ ಅವರು, ಇವರು ಅಂದರೆ ದೂರ ಅನಿಸುತ್ತೆ ಅಂದರೆ "ನಮ್ಮ ಕೂಸು ಬಂತು" ಅನ್ನಿ. ನಾನು ಈ ಉತ್ತರದ ಉದ್ದಕ್ಕೂ ಅದನ್ನೇ ಮಾಡುತ್ತಾ ಬಂದಿದ್ದೇನೆ, ನಿಮಗೆ ಎಲ್ಲೂ ತೊಡರಲಿಲ್ಲ ಅಂದುಕೊಳ್ಳುತ್ತೇನೆ. ತಾಯಿ ಬಾಯಲ್ಲಿ "ಬಂತು, ಉಣ್ತು, ಮಲಗ್ತು" ಪ್ರೀತಿಯ ಮಾತು. ಅದೇ ಮಾತನ್ನು ಬಸ್‌ಸ್ಟ್ಯಾಂಡಿನಲ್ಲಿ ಪರರು "ನೋಡೋ, ಅದು ಹೊಂಟೈತಿ" ಅಂದರೆ ಕಲ್ಲಿನಿಂದ ಹೊಡೆದಂತೆ. ಆ ಅಂತರ ನಿಮಗೆ ನಾನು ಹೇಳಬೇಕಾಗಿಲ್ಲ. ಬಾಯಿ ತಪ್ಪಿ "ಅಕಿ" ಅಂದುಬಿಟ್ಟರೆ ದೊಡ್ಡ ರಂಪ ಮಾಡಿಕೊಳ್ಳಬೇಡಿ. ತಿದ್ದಿಕೊಂಡು ಮುಂದೆ ಹೋಗಿ. 19 ವರ್ಷದ ರೂಢಿ, ಒಂದು ಹಬ್ಬಕ್ಕೆ ಹೋಗುವುದಿಲ್ಲ.

ಇನ್ನು ಹಾಸ್ಟೆಲ್. ಇದರ ಬಗ್ಗೆ ಪತ್ರದಲ್ಲಿ ನೀವು ಏನೂ ಬರೆದಿಲ್ಲ, ಆದರೆ ನನ್ನ ಹತ್ತಿರ ಬರುವ ಹುಡುಗರು ಹುಡುಗಿಯರು ಮೊದಲು ಹೇಳುವುದೇ ಅಲ್ಲಿಯ ಬಾತ್‌ರೂಮಿನ ಕಥೆ. ಕೂದಲು ಕತ್ತರಿಸಿ ಶರ್ಟ್ ಹಾಕಿದ ಕೂಸು ಲೇಡೀಸ್ ಟಾಯ್ಲೆಟ್‌ಗೆ ಹೋದರೆ ಒಳಗಿದ್ದವರು ಕಿರುಚುತ್ತಾರೆ, ಜೆಂಟ್ಸ್‌ಗೆ ಹೋಗಲು ಭಯ. ಅದಕ್ಕೆ ಬೆಳಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಸಂಜೆವರೆಗೆ ತಡೆದುಕೊಳ್ಳುತ್ತಾರೆ. ಉರಿಮೂತ್ರ ಅಂತ ಬಂದವರಿಗೆ ನಾನು ಔಷಧದ ಮಾತಿಗಿಂತ ಮೊದಲು ಕೇಳುವುದು ಇದನ್ನೇ. ಎದೆ ಕಾಣಬಾರದು ಅಂತ ಕೆಲವರು ಮೆಡಿಕಲ್‌ನಲ್ಲಿ ಸಿಗುವ ಕ್ರೇಪ್ ಬ್ಯಾಂಡೇಜ್ ಬಿಗಿದು ಕಟ್ಟಿಕೊಳ್ಳುತ್ತಾರೆ. ಅದು ಎದೆಗೂಡನ್ನು ಹಿಂಡುತ್ತದೆ, ಉಸಿರು ಕಟ್ಟುತ್ತದೆ, ಬೇಸಿಗೆಯಲ್ಲಿ ಚರ್ಮ ಹುಣ್ಣಾಗುತ್ತದೆ. ಬಿಗಿಯಾದ ಸ್ಪೋರ್ಟ್ಸ್ ಬ್ರಾ ಅದಕ್ಕಿಂತ ಎಷ್ಟೋ ಮೇಲು. ಯಾವುದನ್ನೇ ಕಟ್ಟಿದರೂ ಎಂಟು ತಾಸಿಗಿಂತ ಜಾಸ್ತಿ ಬೇಡ, ಮಲಗುವಾಗ ಬೇಡವೇ ಬೇಡ. ಇದು ಮಗಳಿಗೆ ಬ್ರಾ ಕೊಡಿಸಿದ ತಾಯಿಯೇ ಹೇಳಬಹುದಾದ ಮಾತು, ನಾಚಿಕೆ ಪಡಬೇಡಿ.

ಹಾರ್ಮೋನ್ ವಿಷಯವನ್ನೂ ತಿಳಿದುಕೊಂಡಿರಿ. ಕೆಲವು ನಾನ್‌ಬೈನರಿ ಜನರಿಗೆ ಯಾವ ಚಿಕಿತ್ಸೆಯೂ ಬೇಕಿರುವುದಿಲ್ಲ. ಹೆಸರು, ಬಟ್ಟೆ, ಕೂದಲು ಇಷ್ಟಾದರೆ ಸಾಕು. ಕೆಲವರು ಟೆಸ್ಟೋಸ್ಟಿರಾನ್, ಅಂದರೆ ಗಂಡಸರ ಹಾರ್ಮೋನ್, ಬೇಕು ಅನ್ನುತ್ತಾರೆ. ಅದರಿಂದ ಧ್ವನಿ ದಪ್ಪಗಾದರೆ ಮತ್ತೆ ಹಳೆಯದಾಗುವುದಿಲ್ಲ. ಹಾಗಾಗಿ ಎಂಡೋಕ್ರೈನಾಲಜಿಸ್ಟ್‌ಗೆ, ಅಂದರೆ ಹಾರ್ಮೋನ್ ತಜ್ಞರಿಗೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ, ಸಾವಕಾಶವಾಗಿ ಯೋಚಿಸಿ ಇಡಬೇಕಾದ ಹೆಜ್ಜೆ ಅದು. ನನ್ನ ಹೆದರಿಕೆ ಇರುವುದು ಯೂಟ್ಯೂಬ್ ನೋಡಿ, ಯಾರದೋ ಕೈಯಿಂದ ತರಿಸಿ, ರೂಮಿನಲ್ಲಿ ಚುಚ್ಚಿಕೊಳ್ಳುವುದರ ಬಗ್ಗೆ. ಮನೆಯಲ್ಲಿ ಮಾತಾಡಲು ಜಾಗ ಇದ್ದ ಮಕ್ಕಳು ಆ ಕೆಲಸಕ್ಕೆ ಹೋಗುವುದು ಕಡಿಮೆ.

ಕಾನೂನು ಏನು ಹೇಳುತ್ತದೆ ಅಂತ ನೀವು ಕೇಳಿಲ್ಲ, ಆದರೂ ಎರಡು ಮಾತು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್, ತನ್ನ ಲಿಂಗತ್ವ ಯಾವುದು ಅಂತ ಹೇಳುವ ಹಕ್ಕು ಆಯಾ ವ್ಯಕ್ತಿಯದೇ ಅಂತ ತೀರ್ಪು ಕೊಟ್ಟಿತು. 2019ರಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆಯ ಕಾಯ್ದೆ ಬಂತು. ಆಗ ಅದರ ವ್ಯಾಖ್ಯೆಯಲ್ಲಿ ಟ್ರಾನ್ಸ್ ಗಂಡಸರು, ಹೆಂಗಸರು, ಜೋಗತರು ಇದ್ದಂತೆಯೇ ಎರಡೂ ಖಾನೆಗೆ ಸೇರದ ಜನರಿಗೂ ಜಾಗ ಮಾಡಿದ್ದರು. ಮನೆಯಿಂದ ಬಲವಂತವಾಗಿ ಹೊರಹಾಕುವುದು, ಹೊಡೆದು ಬಡಿದು ಹಿಂಸೆ ಕೊಡುವುದು ಆರು ತಿಂಗಳಿಂದ ಎರಡು ವರ್ಷದ ಶಿಕ್ಷೆಯ ಅಪರಾಧ ಅಂತಲೂ ಬರೆದರು. ಗುರುತಿನ ಪ್ರಮಾಣಪತ್ರಕ್ಕೆ ಆನ್‌ಲೈನ್‌ನಲ್ಲಿ ಅರ್ಜಿ, ಕೊಡುವವರು ಜಿಲ್ಲಾಧಿಕಾರಿ, ಹೀಗೆ 2020ರ ನಿಯಮ. ಈ ಕಾನೂನು ನಿಂತ ನೀರಲ್ಲ, ತಿದ್ದುಪಡಿ ಆಗುತ್ತಿರುತ್ತದೆ. ಅದಕ್ಕೇ ಅರ್ಜಿ ಹಾಕುವ ಮುಂಚೆ ಗದಗದ ಜಿಲ್ಲಾ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಈಗ ಏನು ನಡೆಯುತ್ತಿದೆ ಅಂತ ಕೇಳಿಕೊಳ್ಳಿ. ಅವರ ಸಹಾಯವಾಣಿ 15100.

ಆದರೆ ನನ್ನನ್ನು ಕೇಳಿದರೆ, ಕಾಗದಪತ್ರಕ್ಕೆ ಈಗಲೇ ಓಡಬೇಡಿ. ಅದು ಕೂಸು ತಾನಾಗಿ ಬೇಕು ಅಂದಾಗ ಮಾಡುವ ಕೆಲಸ. ಆಧಾರ್‌ನಲ್ಲಿ ಒಂದು ಹೆಸರು, ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡ್‌ನಲ್ಲಿ ಇನ್ನೊಂದು ಅಂತಾದರೆ ನೌಕರಿ ಸಮಯದಲ್ಲಿ ಗೋಳು. ಬದಲಿಸುವುದಾದರೆ ಜಿಲ್ಲಾಧಿಕಾರಿಯ ಪ್ರಮಾಣಪತ್ರ ಮೊದಲು, ಉಳಿದದ್ದು ಅದರ ಆಧಾರದ ಮೇಲೆ. ನೌಕರಿ ಅಂದಾಗ ನೆನಪಾಯಿತು. ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡಾ 1 ಮೀಸಲಾತಿ ಕೊಟ್ಟ ಮೊದಲ ರಾಜ್ಯ ನಮ್ಮದು, 2021ರಲ್ಲಿ. ಬಿಎಸ್ಸಿ ಮುಗಿಸಿದರೆ ಅದು ಉಪಯೋಗಕ್ಕೆ ಬರಬಹುದು. ಮುಗಿಸದೆ ಓಡಿಹೋದರೆ ಯಾವ ಮೀಸಲಾತಿಯೂ ಕೈಗೆ ಬರುವುದಿಲ್ಲ. ಹೀಗಿರುವವರು ಭಿಕ್ಷೆಗೆ, ಬೀದಿಗೆ ಬೀಳುವುದು ಅವರ ಹಣೆಬರಹದಿಂದಲ್ಲ. ಹದಿನೈದು ಹದಿನಾರಕ್ಕೆ ಮನೆ ಬಿಡಿಸಿ ಶಾಲೆ ಬಿಡಿಸಿದರೆ ಮತ್ತೇನು ಉಳಿಯುತ್ತದೆ? ಅದಕ್ಕೇ ನಿಮಗೆ ಮತ್ತೆ ಮತ್ತೆ ಹೇಳುತ್ತಿರುವುದು, ಓದು ಮತ್ತು ಮನೆ, ಈ ಎರಡನ್ನು ಕಾಯಿರಿ.

ಊರಿಗೆ ಬರುವ ದಾರಿಯ ಬಗ್ಗೆಯೂ ಒಂದು ಮಾತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೂ ಲಿಂಗತ್ವ ಅಲ್ಪಸಂಖ್ಯಾತರಿಗೂ ಬಸ್ ಟಿಕೆಟ್ ಇಲ್ಲ. ಆದರೆ ಶರ್ಟ್ ಹಾಕಿದ ಕೂಸು ಹೆಣ್ಣು ಅಂತಿರುವ ಆಧಾರ್ ತೋರಿಸಿದಾಗ ಕಂಡಕ್ಟರ್ ಮೇಲೆ ಕೆಳಗೆ ನೋಡುತ್ತಾರೆ, "ಇದು ನಿಂದೇನು?" ಅಂತ ಜೋರಾಗಿ ಕೇಳುತ್ತಾರೆ, ಇಡೀ ಬಸ್ಸು ತಿರುಗುತ್ತದೆ. ಅದಕ್ಕೇ ಬೇಡಪ್ಪ ಅಂತ ಎಷ್ಟೋ ಜನ ಸುಮ್ನೆ ದುಡ್ಡು ಕೊಟ್ಟು ಟಿಕೆಟ್ ತೆಗೆಸುತ್ತಾರೆ. ನಿಮ್ಮ ಕೂಸೂ ಹಾಗೆ ಮಾಡುತ್ತಿದ್ದರೆ "ಪುಕ್ಕಟೆ ಬಸ್ ಇರುವಾಗ ರೊಕ್ಕ ಯಾಕ ಹಾಳು ಮಾಡ್ತಿ" ಅಂತ ಬೈಯಬೇಡಿ.

ಅಪ್ಪನ ಬಗ್ಗೆ. ಯುಗಾದಿಯಿಂದ ಮಾತು ಬಿಟ್ಟಿದ್ದಾರೆ, ಆದರೆ ಫೀ ತಪ್ಪಿಸಿಲ್ಲ ಅಂತ ಬರೆದಿದ್ದೀರಿ. ನಾನು ಆ ಸಾಲನ್ನು ಎರಡು ಸಲ ಓದಿದೆ. ಬಾಯಿ ಮುಚ್ಚಿದೆ, ಕೈ ಮುಚ್ಚಿಲ್ಲ. ಇಂಥ ಅಪ್ಪಂದಿರನ್ನು ಕೂರಿಸಿ ಲಿಂಗತ್ವದ ಪಾಠ ಮಾಡಿದರೆ ಎದ್ದು ಹೋಗುತ್ತಾರೆ. ಅವರಿಗೆ ಒಂದು ಕೆಲಸ ಕೊಡಿ. "ಸ್ಟ್ಯಾಂಡಿಗೆ ಹೋಗಿ ಕರಕೊಂಡು ಬರ್ರಿ" ಅನ್ನಿ. ಗಾಡಿ ಮೇಲೆ ಹಿಂದೆ ಕೂರಿಸಿಕೊಂಡು ಬಂದರೆ ಮುಖ ನೋಡಿ ಮಾತಾಡುವ ಕಷ್ಟವೂ ಇಲ್ಲ.

ಕೊನೆಗೆ ಸೀರೆ. ಉಡು ಅನ್ನಬೇಡಿ. ಪಂಚಮಿ ನಮ್ಮಲ್ಲಿ ಹೆಣ್ಣುಮಕ್ಕಳ ಹಬ್ಬ, ಮನೆಗೆ ಬಂದ ಮಗಳಿಗೆ ಸೀರೆ ಉಡಿಸಿ ಜೋಕಾಲಿ ಆಡಿಸುವ ಆಸೆ ನಿಮಗಿರುತ್ತದೆ. ಆ ಆಸೆ ತಪ್ಪಿತು ಅಂತ ದುಃಖ ಆದರೆ ದುಃಖ ಪಡಿ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ಜೋಕಾಲಿಗೆ ಸೀರೆ ಬೇಕು ಅಂತ ಯಾರೂ ಹೇಳಿಲ್ಲ, ಪ್ಯಾಂಟ್ ಹಾಕಿಕೊಂಡೇ ಜೀಕಬಹುದು. ಹೊಸ ಬಟ್ಟೆ ಕೊಡಿಸುವುದಾದರೆ ರೊಕ್ಕ ಕೈಗೆ ಕೊಟ್ಟು "ನಿನಗ ಬೇಕಾದ್ದು ತಗೋ" ಅನ್ನಿ. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು ಎಂದಿನಂತೆ ಮಾಡಿ. ನೆರೆಮನೆಯವರು ಕೂದಲು ನೋಡಿ ಕೇಳಿದರೆ "ಸೆಕಿ ರೀ, ಅದಕ್ಕ" ಅಂತ ಒಂದು ಸುಳ್ಳು ಹೇಳಿ ಒಳಗೆ ಬನ್ನಿ.

ಇನ್ನೊಂದು ಗಮನಿಸಿದೆ ಅಕ್ಕಾ. ಗೆಳೆಯರು ಬೇರೆ ಹೆಸರಿನಿಂದ ಕರೆಯುತ್ತಾರೆ ಅಂತ ಬರೆದಿದ್ದೀರಿ, ಆ ಹೆಸರು ಏನು ಅಂತ ಬರೆದಿಲ್ಲ. ಕೇಳಿರಲಿಕ್ಕಿಲ್ಲ ಅನಿಸುತ್ತದೆ. ಹಬ್ಬದ ದಿನ ನಾಗಪ್ಪನಿಗೆ ಹಾಲೆರೆಯುವಾಗ ಅಪ್ಪನ ಪಾಲು, ಅವ್ವನ ಪಾಲು, ಅಜ್ಜಿ ಪಾಲು ಅಂತ ಒಬ್ಬೊಬ್ಬರದೂ ಹೇಳಿ ಎರೆಯುತ್ತೀರಲ್ಲ, ಅದಕ್ಕಿಂತ ಮುಂಚೆ ಒಮ್ಮೆ ಕೇಳಿ ಇಟ್ಟುಕೊಳ್ಳಿ.